ಎಂಟು ನಿಮಿಷ ಒಂಬತ್ತು ಸೆಕೆಂಡು: ಮಾಡೆಲ್ ಸರಿಯಿದ್ದೂ ಬೋರ್ಡು ತಪ್ಪಿದರೆ ಎಲ್ಲಿ ಹುಡುಕಬೇಕು

ನಮ್ಮ ಪಂಪ್ ನಿಯಂತ್ರಣ ಪೆಟ್ಟಿಗೆಯ ಬಗ್ಗೆ ದೂರು ತಂದವರು ರೈತರಲ್ಲ, ಶ್ರೀನಿವಾಸಪುರದ ಕಡೆ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು. ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಸಾರ್, ನಿಮ್ಮ ಪೆಟ್ಟಿಗೆ ಅರ್ಧ ಗಂಟೆ ಕಾಯುವುದಿಲ್ಲ. ಎಂಟು ನಿಮಿಷಕ್ಕೇ ಮೋಟಾರು ಎತ್ತಿ ಓಡಿಸುತ್ತದೆ. ಸುಟ್ಟ ಕಾಯಿಲು ನನ್ನ ಮುಂದೆ ಬಿದ್ದಿದೆ, ಬಂದು ನೋಡಿ."

ಕೋಲಾರದ ಕಡೆಯವರಿಗೆ ಇದರ ಗಂಭೀರತೆ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲಿ ನೀರು ಒಂದಿಷ್ಟು ಎತ್ತಿದ ಮೇಲೆ ಮಟ್ಟ ಕುಸಿಯುತ್ತದೆ, ಮತ್ತೆ ಬಸಿದು ತುಂಬಿಕೊಳ್ಳಲು ಹೊತ್ತು ಬೇಕು. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು, ಬೇರಿಂಗಿಗೆ ನೀರೇ ಎಣ್ಣೆ. ಒಣಗಿ ಓಡಿದರೆ ಕೆಟ್ಟಿತು. ಅದಕ್ಕಾಗಿ ನಮ್ಮ ಪುಟ್ಟ ವರ್ಕ್‌ಶಾಪಿನ ಪೆಟ್ಟಿಗೆ ಮೋಟಾರಿನ ಆಂಪಿಯರ್ ನೋಡುತ್ತಿರುತ್ತದೆ. ನೀರಿಲ್ಲದಾಗ ಭಾರ ಇಳಿದು ಆಂಪಿಯರ್ ಕುಸಿಯುತ್ತದೆ, ಪೆಟ್ಟಿಗೆ ಮೋಟಾರು ನಿಲ್ಲಿಸುತ್ತದೆ, ರೈತರು ತಿರುಗುಣಿಯಲ್ಲಿ ಇಟ್ಟಷ್ಟು ನಿಮಿಷ ಕಾಯುತ್ತದೆ, ಆಮೇಲೆ ಮತ್ತೆ ಚಾಲೂ ಮಾಡುತ್ತದೆ. ತಿರುಗುಣಿಯ ಗುರುತುಗಳು 5, 10, 15, 20, 30, 60.

ಇದರೊಳಗಿನ ತರ್ಕವನ್ನು ನಾವು ಸಿ ಭಾಷೆಯಲ್ಲಿ ಕೈಯಿಂದ ಬರೆಯುವುದಿಲ್ಲ. ಸಿಮ್ಯುಲಿಂಕ್ ಮತ್ತು ಸ್ಟೇಟ್‌ಫ್ಲೋ ಎಂಬ ತಂತ್ರಾಂಶಗಳಲ್ಲಿ ಅದನ್ನು ಚಿತ್ರವಾಗಿ, ಮಾಡೆಲ್ ಆಗಿ ಬಿಡಿಸುತ್ತೇವೆ: 'ನಿಂತಿದೆ', 'ಓಡುತ್ತಿದೆ', 'ನೀರಿಗಾಗಿ ಕಾಯುತ್ತಿದೆ' ಎಂಬ ಸ್ಥಿತಿಗಳು, ಅವುಗಳ ನಡುವೆ ಬಾಣಗಳು. ಎಂಬೆಡೆಡ್ ಕೋಡರ್ ಎಂಬ ಇನ್ನೊಂದು ತಂತ್ರಾಂಶ ಅದರಿಂದ ಸಿ ಕೋಡ್ ತೆಗೆಯುತ್ತದೆ. ತಿರುಗುಣಿ ಓದುವುದು, ರಿಲೇ ಎತ್ತುವುದು, ಟೈಮರ್ ನಡೆಸುವುದು ಮಾತ್ರ ನಮ್ಮ ಕೈಬರಹ. ಯಂತ್ರ ಬರೆದ ಕೋಡಿಗೂ ಕೈಬರಹಕ್ಕೂ ನಡುವೆ ಒಂದು ಹೊಲಿಗೆ ಇರುತ್ತದೆ. ಈ ಬರಹ ಮುಖ್ಯವಾಗಿ ಆ ಹೊಲಿಗೆಯ ಬಗ್ಗೆ.

ಮೊದಲು ಗಡಿಯಾರ, ಆಮೇಲೆ ಕಂಪ್ಯೂಟರ್

ದೂರು ಬಂದ ಕೂಡಲೇ ಮಾಡೆಲ್ ತೆರೆದು ಬಾಣಗಳನ್ನು ದಿಟ್ಟಿಸಿ ಕೂರುವುದು ನಮ್ಮವರ ಚಾಳಿ. ನನ್ನದೂ ಅದೇ. ಆ ದಿನ ಅರ್ಧ ದಿನ ಹಾಗೇ ಹೋಯಿತು. ಮಾಡೆಲ್ ನೂರು ಸಲ ಓಡಿಸಿದರೂ ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುವ ಕೆಲಸ.

ಕೊನೆಗೆ ಪ್ಯಾನಲ್ ಬೋರ್ಡಿನ ಎದುರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕುಳಿತೆ. ತಿರುಗುಣಿ 30ರಲ್ಲಿತ್ತು. ಮೋಟಾರಿಗೆ ವಿದ್ಯುತ್ ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬಿಟ್ಟಾಗ ಒತ್ತಿದೆ, ಮತ್ತೆ ಹಿಡಿದಾಗ ಒತ್ತಿದೆ. 8 ನಿಮಿಷ 9 ಸೆಕೆಂಡು. ಮತ್ತೊಮ್ಮೆ ನೋಡಿದೆ. 8 ನಿಮಿಷ 9 ಸೆಕೆಂಡು. ಇಲ್ಲಿಗೆ ಅರ್ಧ ರೋಗ ಗೊತ್ತಾದಂತೆ. ತಪ್ಪು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಬರುತ್ತಿದ್ದರೆ ಅದು ಲೂಸ್ ವೈರಲ್ಲ, ವೋಲ್ಟೇಜ್ ಏರಿಳಿತವಲ್ಲ, ಬೋರ್ಡು ಮಧ್ಯೆ ಮಧ್ಯೆ ರೀಸೆಟ್ ಆಗುತ್ತಿರುವುದೂ ಅಲ್ಲ. ಅದು ಲೆಕ್ಕ. ಪ್ರತಿ ಸಲ ಬೇರೆ ಬೇರೆ ಸಮಯ ಬಂದಿದ್ದರೆ ಮಾಡೆಲ್ ಬದಿಗಿಟ್ಟು ವಿದ್ಯುತ್ ಕಡೆ ಹೋಗಬೇಕಿತ್ತು. ಮೈಕ್ರೋಕಂಟ್ರೋಲರ್‌ಗಳಲ್ಲಿ ರೀಸೆಟ್ ಏಕೆ ಆಯಿತೆಂದು ಬರೆದಿಡುವ ರಿಜಿಸ್ಟರ್ ಸಾಮಾನ್ಯವಾಗಿ ಇರುತ್ತದೆ, ಅದನ್ನು ಓದಿ ಪರದೆಯ ಮೇಲೆ ತೋರಿಸುವ ಏರ್ಪಾಡು ಮಾಡಿಕೊಂಡರೆ ಅಂಥ ದೂರು ಬೇಗ ಬಗೆಹರಿಯುತ್ತದೆ.

ಆಮೇಲೆ ತಿರುಗುಣಿಯ ಉಳಿದ ಗುರುತುಗಳನ್ನೂ ನೋಡಿದೆ. 5ಕ್ಕೆ ಸರಿಯಾಗಿ 5 ನಿಮಿಷ. 10ಕ್ಕೆ 10. 15ಕ್ಕೆ 4 ನಿಮಿಷ 5 ಸೆಕೆಂಡು. 20ಕ್ಕೆ 9 ನಿಮಿಷ 5 ಸೆಕೆಂಡು. 60ಕ್ಕೆ ಇಟ್ಟರೆ 5 ನಿಮಿಷ 23 ಸೆಕೆಂಡು. ಹತ್ತಕ್ಕೆ ಇಟ್ಟ ಪೆಟ್ಟಿಗೆ ಅರವತ್ತಕ್ಕೆ ಇಟ್ಟದ್ದಕ್ಕಿಂತ ಹೆಚ್ಚು ಹೊತ್ತು ಕಾಯುತ್ತದೆ! ಪಕ್ಕದಲ್ಲಿ ನಿಂತಿದ್ದ ರೈತರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ವರ್ಕ್‌ಶಾಪಿನಿಂದ ಹೊರಡುವ ಮೊದಲು ಪ್ರತಿ ಪೆಟ್ಟಿಗೆಯನ್ನೂ ನಾವು ಪರೀಕ್ಷಿಸುತ್ತಿದ್ದದ್ದು 5ರ ಗುರುತಿನಲ್ಲಿ. ಅರ್ಧ ಗಂಟೆ ಕಾಯುವ ತಾಳ್ಮೆ ಯಾರಿಗಿದೆ?

ಸಂಖ್ಯೆಯೇ ಸಾಕ್ಷಿ

ಮಾಡೆಲ್‌ನ ಲೆಕ್ಕವನ್ನು ಒಂದು ಸುತ್ತು ನಡೆಸುವ ಸ್ಟೆಪ್ ಫಂಕ್ಷನ್ 10 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ, ಅಂದರೆ ಸೆಕೆಂಡಿಗೆ 100 ಎಣಿಕೆ. 30 ನಿಮಿಷಕ್ಕೆ 1,80,000 ಎಣಿಕೆ ಆಗಬೇಕು. 8 ನಿಮಿಷ 9 ಸೆಕೆಂಡಿಗೆ ಆಗುವುದು 48,900. ಕಳೆದರೆ 1,31,100. ಈ ಸಂಖ್ಯೆಯನ್ನು ನೋಡಿ ಎದೆ ಧಸಕ್ಕೆನ್ನದಿದ್ದರೆ ನೀವು ಇನ್ನೂ ಈ ಕಸುಬಿಗೆ ಹೊಸಬರು: 65,536ರ ಎರಡರಷ್ಟು 1,31,072. ಉಳಿದ 28 ಎಣಿಕೆ, ಅಂದರೆ ಕಾಲು ಸೆಕೆಂಡಿಗಿಂತ ತುಸು ಹೆಚ್ಚು, ಸ್ಟಾಪ್‌ವಾಚ್ ಒತ್ತಿದ ನನ್ನ ಬೆರಳಿನದು.

65,536 ಎಂದರೆ 16 ಬಿಟ್‌ಗಳಲ್ಲಿ ಹಿಡಿಸುವ ಒಟ್ಟು ಬೆಲೆಗಳು, ಸೊನ್ನೆಯಿಂದ 65,535ರವರೆಗೆ. ಅದಕ್ಕಿಂತ ದೊಡ್ಡ ಸಂಖ್ಯೆಯನ್ನು 16 ಬಿಟ್‌ನ ಚರದೊಳಗೆ, ಅಂದರೆ ಕೋಡು ಸಂಖ್ಯೆ ಇಡುವ ಡಬ್ಬಿಯೊಳಗೆ, ಸುರಿದರೆ ಸೇರಿನೊಳಗೆ ಎರಡು ಸೇರು ರಾಗಿ ಸುರಿದ ಹಾಗೆ. ಆದರೆ ರಾಗಿ ಚೆಲ್ಲಿದ್ದು ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. 15 ನಿಮಿಷದ 90,000ದಲ್ಲಿ 65,536 ಕಳೆದರೆ 24,464, ಅಂದರೆ 4 ನಿಮಿಷ 4.64 ಸೆಕೆಂಡು. ಲೆಕ್ಕ ಕೂಡಿಬಂತು. 10 ನಿಮಿಷಕ್ಕೆ ಬೇಕಾದದ್ದು 60,000 ಮಾತ್ರ, ಹಿಡಿಸುತ್ತದೆ. ಆದ್ದರಿಂದಲೇ ಅದು ಸರಿ.

ಇಂಥ ಬೆರಳಚ್ಚುಗಳು ಇನ್ನೂ ಕೆಲವಿವೆ, ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಿ. ಯಂತ್ರವೊಂದು 65.5 ಸೆಕೆಂಡಿಗೆ ಎಡವಿದರೆ 1 ಮಿಲಿಸೆಕೆಂಡಿನ 16 ಬಿಟ್ ಎಣಿಕೆ. 10 ನಿಮಿಷ 55 ಸೆಕೆಂಡಿಗೆ ಎಡವಿದರೆ 10 ಮಿಲಿಸೆಕೆಂಡಿನದು. 1 ಗಂಟೆ 49 ನಿಮಿಷಕ್ಕಾದರೆ 100 ಮಿಲಿಸೆಕೆಂಡಿನದು. 49.7 ದಿನ ಚೆನ್ನಾಗಿ ಓಡಿ ಹುಚ್ಚು ಹಿಡಿದರೆ 32 ಬಿಟ್‌ನ ಮಿಲಿಸೆಕೆಂಡು. ಅದೇ ಚಿಹ್ನೆಸಹಿತ (ಋಣ ಸಂಖ್ಯೆಗೂ ಜಾಗವಿರುವ) ಸಂಖ್ಯೆಯಾದರೆ 24.8 ದಿನ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳನ್ನು 248 ದಿನ ಸತತವಾಗಿ ಚಾಲೂ ಇಟ್ಟರೆ ಅವು ಕೈಕೊಡಬಹುದೆಂದು ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಎಚ್ಚರಿಸಿತು. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸುವ 32 ಬಿಟ್ ಚಿಹ್ನೆಸಹಿತ ಎಣಿಕೆ ತುಂಬುವುದೂ ಸುಮಾರು 248.5 ದಿನಕ್ಕೇ.

ಆದರೆ ಮಾಡೆಲ್‌ನೊಳಗೆ 16 ಬಿಟ್ ಎಲ್ಲಿದೆ?

ಇಲ್ಲವೇ ಇಲ್ಲ. ಕಾಯುವ ಸ್ಥಿತಿಯ ಎಣಿಕೆ 32 ಬಿಟ್, ಹೊರಗಿನಿಂದ ವಿಳಂಬದ ಬೆಲೆ ಬರುವ ದ್ವಾರವೂ 32 ಬಿಟ್. ಹಾಗಾದರೆ ಸಂಖ್ಯೆ ಎಲ್ಲಿ ಕತ್ತರಿಸಿತು?

ಇಂಥ ಹೊತ್ತಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಮ ಈ ಕಸುಬಿನಲ್ಲಿ ಇದೆ. ಮೊದಲ ಮೆಟ್ಟಿಲು ಮಾಡೆಲ್ ಅನ್ನೇ ಓಡಿಸುವುದು. ಎರಡನೆಯದು ಅದರಿಂದ ಹುಟ್ಟಿದ ಸಿ ಕೋಡನ್ನು ನಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ, ಅದೇ ಪರೀಕ್ಷೆಯ ಒಳಹರಿವು ಕೊಟ್ಟು, ಮಾಡೆಲ್‌ನ ಉತ್ತರದೊಂದಿಗೆ ಸಾಲು ಸಾಲಾಗಿ ತಾಳೆ ನೋಡುವುದು. ಮೂರನೆಯದು ಅದೇ ಕೋಡನ್ನು ನಿಜವಾದ ಪ್ರೊಸೆಸರ್‌ಗೆ ಇಳಿಸಿ ತಾಳೆ ನೋಡುವುದು. ಕಾರುಗಳ ಸುರಕ್ಷತೆಯ ಐಎಸ್‌ಒ 26262 ಮಾನದಂಡ ಮಾಡೆಲ್ ಮತ್ತು ಕೋಡಿನ ನಡುವೆ ಹೇಳುವ ಬೆನ್ನಿಗೆ ಬೆನ್ನು ಹೋಲಿಕೆ ಇದೇ. ಪಂಪ್ ಪೆಟ್ಟಿಗೆಗೆ ಆ ಮಾನದಂಡ ಯಾರೂ ಕೇಳುವುದಿಲ್ಲ, ಆದರೆ ಕ್ರಮ ಬಿಟ್ಟಿಯಾಗಿ ಸಿಗುತ್ತದಲ್ಲ.

ಮೂರೂ ಮೆಟ್ಟಿಲಲ್ಲಿ ನಮ್ಮದು ಪಾಸು. ಪ್ರೊಸೆಸರ್ ಮೇಲೆಯೇ ಓಡಿಸಿದರೂ 1,80,000ಕ್ಕೆ ಸರಿಯಾಗಿ ಮೋಟಾರು ಎತ್ತಿತು. ಅದೇ ಬೋರ್ಡು, ಅದೇ ಕೋಡು, ಹೊಲದಲ್ಲಿ ಎಂಟು ನಿಮಿಷ.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಮೂರನೆಯ ಮೆಟ್ಟಿಲು ಪಾಸಾದ ಕೂಡಲೇ "ಸಾಫ್ಟ್‌ವೇರ್ ಸರಿಯಿದೆ, ಹಾರ್ಡ್‌ವೇರ್ ನೋಡಿ" ಎಂದು ಪಕ್ಕದ ಮೇಜಿಗೆ ತಳ್ಳುತ್ತಾರೆ. ಆ ಪರೀಕ್ಷೆ ನಿಜವಾಗಿ ಏನು ಮಾಡುತ್ತದೆಂದು ಯೋಚಿಸಿ. ಅದು ಮಾಡೆಲ್‌ನ ಕೋಡಿಗೆ ತಾನೇ ಒಳಹರಿವು ಉಣಿಸುತ್ತದೆ, ಉತ್ತರವನ್ನು ತಾನೇ ತೆಗೆದುಕೊಳ್ಳುತ್ತದೆ. ತಿರುಗುಣಿ ಓದುವ ನಮ್ಮ ಕೈಬರಹವನ್ನು ಅದು ಮುಟ್ಟುವುದೇ ಇಲ್ಲ, ನಿಜವಾದ ಟೈಮರ್‌ನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಪಾಸಾಗಿ ಹೊಲದಲ್ಲಿ ಫೇಲಾದರೆ ಅದು ಒಗಟಲ್ಲ, ವಿಳಾಸ: ದೋಷ ಹೊಲಿಗೆಯಲ್ಲಿದೆ.

ಕೈಬರಹದ ಕಡತ ತೆರೆದೆ. ತಿರುಗುಣಿಯ ನಿಮಿಷವನ್ನು 60ರಿಂದ ಗುಣಿಸಿ, ಅದನ್ನು ಸೆಕೆಂಡಿನ ಎಣಿಕೆಯಿಂದ ಗುಣಿಸಿ, 'ವಿಳಂಬ' ಎಂಬ 16 ಬಿಟ್ ಚರದಲ್ಲಿ ಇಟ್ಟು, ಅದನ್ನು ಮಾಡೆಲ್‌ನ 32 ಬಿಟ್ ದ್ವಾರಕ್ಕೆ ಕೊಡುವ ಒಂದೇ ಸಾಲು. ನಮ್ಮ ಪ್ರೊಸೆಸರ್ 32 ಬಿಟ್‌ನದು, ಗುಣಾಕಾರ ಸರಿಯಾಗಿಯೇ ಆಗಿ 1,80,000 ಬರುತ್ತದೆ. ಚರದೊಳಗೆ ಇಳಿಯುವಾಗ ಮೇಲಿನ ಬಿಟ್‌ಗಳು ಉದುರಿ 48,928 ಉಳಿಯುತ್ತದೆ. ಆ ಬಡಪಾಯಿ ಸಂಖ್ಯೆಯನ್ನು 32 ಬಿಟ್‌ನ ವಿಶಾಲ ದ್ವಾರ ಮರ್ಯಾದೆಯಿಂದ ಒಳಗೆ ಬಿಟ್ಟುಕೊಳ್ಳುತ್ತದೆ.

ಸಾಲು ಬರೆದವನನ್ನು ಬೈಯುವ ಮೊದಲು ಅವನ ಕಾಲ ನೋಡಬೇಕು. ಬರೆದಾಗ ಸ್ಟೆಪ್ 100 ಮಿಲಿಸೆಕೆಂಡು ಇತ್ತು, 60 ನಿಮಿಷಕ್ಕೂ 36,000 ಎಣಿಕೆ ಸಾಕು, 16 ಬಿಟ್ ಧಾರಾಳ. ಆಮೇಲೆ ಒಂದು ಫೇಸ್ ಹೋದದ್ದನ್ನು ಪೆಟ್ಟಿಗೆ ತಡವಾಗಿ ಹಿಡಿಯುತ್ತದೆಂಬ ದೂರು ಬಂತು. ಫೇಸ್ ಹೋದಾಗ ಉಳಿದೆರಡರಲ್ಲಿ ಆಂಪಿಯರ್ ಏರಿ ಕಾಯಿಲು ಬಿಸಿಯಾಗುತ್ತದೆ, ತಡ ಮಾಡುವಂತಿಲ್ಲ. 50 ಹರ್ಟ್ಸ್‌ನ ಅರ್ಧ ಸೈಕಲ್‌ಗೊಮ್ಮೆ ನೋಡಲೆಂದು ಮಾಡೆಲ್‌ನ ಸ್ಟೆಪ್ ಅನ್ನು 10 ಮಿಲಿಸೆಕೆಂಡು ಮಾಡಿದೆವು. ಸೆಕೆಂಡಿನ ಎಣಿಕೆ 10 ಇದ್ದದ್ದು 100 ಆಯಿತು. ಮಾಡೆಲ್‌ನೊಳಗಿನ ಎಲ್ಲ ಲೆಕ್ಕವೂ ತಾನಾಗಿ ಹೊಂದಿಕೊಂಡಿತು, ಕೈಬರಹ ಹೊಂದಿಕೊಳ್ಳಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ದೊಡ್ಡವರ ಮನೆಯಲ್ಲೂ ಇದೇ ಆಗಿದೆ. 1996ರ ಜೂನ್ 4ರಂದು ಏರಿಯನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೇರಿ ನಿಮಿಷ ತುಂಬುವ ಮೊದಲೇ ನಾಶವಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವ ಸಾಲು ಏರಿಯನ್ 4ರಿಂದ ಹಾಗೇ ಬಂದಿತ್ತು. ಹಳೆಯ ರಾಕೆಟ್ಟಿನಲ್ಲಿ ಆ ಬೆಲೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ.

ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಏಕೆ ಸುಮ್ಮನಿತ್ತು ಎಂದು ಕೇಳಬಹುದು. ಜಿಸಿಸಿ ಎಂಬ ಕಂಪೈಲರ್‌ನಲ್ಲಿ 'ಎಲ್ಲ ಎಚ್ಚರಿಕೆ', 'ಹೆಚ್ಚುವರಿ ಎಚ್ಚರಿಕೆ' ಎರಡೂ ಆಯ್ಕೆ ಹಾಕಿದರೂ ಸಿ ಭಾಷೆಗೆ ಈ ಕತ್ತರಿಕೆಯ ಎಚ್ಚರಿಕೆ ಬರುವುದಿಲ್ಲ. 'ಕನ್ವರ್ಷನ್' ಎಂಬ ಆಯ್ಕೆಯನ್ನು ಬೇರೆಯಾಗಿ ಹಾಕಬೇಕು. ಸುರಕ್ಷಿತವಾಗಿ ಸಿ ಬರೆಯುವ ನಿಯಮಾವಳಿ ಮಿಸ್ರಾ ಸಿ 2012ರ 10.3ನೇ ನಿಯಮ ಇಂಥ ಇಕ್ಕಟ್ಟಿನ ಚರಕ್ಕೆ ಇಳಿಸುವುದನ್ನೇ ನಿಷೇಧಿಸುತ್ತದೆ. ನಾವು ಮಿಸ್ರಾ ತಪಾಸಣೆ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದೆವು, ಯಂತ್ರ ಬರೆದ ಕೋಡಿನ ಮೇಲೆ! ತಪ್ಪು ಮಾಡುವುದು ಮನುಷ್ಯ, ಪರೀಕ್ಷೆ ಬರೆಸುತ್ತಿದ್ದದ್ದು ಯಂತ್ರಕ್ಕೆ.

ನಿಮ್ಮ ದೋಷ ಇದಲ್ಲದಿದ್ದರೆ

ಎಲ್ಲ ಸಮಯಗಳೂ ಒಂದೇ ಪ್ರಮಾಣದಲ್ಲಿ, ಹತ್ತು ಪಟ್ಟೋ ಎರಡು ಪಟ್ಟೋ, ತಪ್ಪಿದ್ದರೆ ಸ್ಟೆಪ್ ಫಂಕ್ಷನ್ ಕರೆಯುವ ವೇಗವನ್ನು ಅನುಮಾನಿಸಿ. ಮಾಡೆಲ್ 10 ಮಿಲಿಸೆಕೆಂಡೆಂದು ನಂಬಿರುತ್ತದೆ, ನಮ್ಮ ಟೈಮರ್ 20ಕ್ಕೊಮ್ಮೆ ಕರೆಯುತ್ತಿರುತ್ತದೆ. ಕೋಡಿಗೆ ಗಡಿಯಾರವಿಲ್ಲ, ಎಷ್ಟು ಸಲ ಕರೆದರು ಎಂಬುದಷ್ಟೇ ಅದಕ್ಕೆ ಗೊತ್ತು. ಸ್ಟೆಪ್ ಶುರುವಾದಾಗ ಖಾಲಿ ಇರುವ ಒಂದು ಪಿನ್ ಎತ್ತಿ, ಮುಗಿದಾಗ ಇಳಿಸಿ, ಆಸಿಲೋಸ್ಕೋಪಿನಲ್ಲಿ ನೋಡಿ. ಎರಡು ಏರುಗಳ ಅಂತರ ವೇಗ ಹೇಳುತ್ತದೆ, ಏರಿನ ಅಗಲ ಸ್ಟೆಪ್ ಎಷ್ಟು ಹೊತ್ತು ತಿನ್ನುತ್ತಿದೆ ಎಂದು ಹೇಳುತ್ತದೆ.

ಆ ಅಗಲ ಅಂತರವನ್ನೇ ಮುಟ್ಟುತ್ತಿದ್ದರೆ ಸ್ಟೆಪ್ ಮುಗಿಯುವ ಮೊದಲೇ ಮುಂದಿನದು ಬಾಗಿಲು ಬಡಿಯುತ್ತಿದೆ. ಎಂಬೆಡೆಡ್ ಕೋಡರ್ ಉದಾಹರಣೆಗೆಂದು ಕೊಡುವ ಮೇನ್ ಕಡತದಲ್ಲಿ ಇದನ್ನು ಹಿಡಿಯುವ 'ಓವರ್‌ರನ್' ಬಾವುಟ ಇರುತ್ತದೆ. ನಮ್ಮವರು ಆ ಕಡತವನ್ನು ನಕಲು ಮಾಡುವಾಗ ಮೊದಲು ಕಿತ್ತುಹಾಕುವುದು ಅದನ್ನೇ. ಕಾರಣ ಹೆಚ್ಚಾಗಿ ದಶಮಾಂಶ ಲೆಕ್ಕ: ಸಿಮ್ಯುಲಿಂಕ್‌ನಲ್ಲಿ ಏನೂ ಹೇಳದಿದ್ದರೆ ಸಂಖ್ಯೆಗಳು ಡಬಲ್ (64 ಬಿಟ್ ದಶಮಾಂಶ) ಆಗಿರುತ್ತವೆ, ಕಾರ್ಟೆಕ್ಸ್ ಎಂ4 ಪ್ರೊಸೆಸರ್‌ನ ದಶಮಾಂಶ ಘಟಕಕ್ಕೆ ಸಿಂಗಲ್ (32 ಬಿಟ್) ಮಾತ್ರ ಬರುತ್ತದೆ. ಡಬಲ್ ಲೆಕ್ಕವೆಲ್ಲ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ತೆವಳುತ್ತದೆ.

ಹಾಗೆಂದು ಸಮಯವನ್ನು ಸಿಂಗಲ್‌ನಲ್ಲಿ 0.01 ಕೂಡಿಸುತ್ತಾ ಹೋಗಬೇಡಿ. ಎರಡರ ಪದ್ಧತಿಯಲ್ಲಿ 0.01 ಪೂರ್ತಿ ಬರೆಯಲಾಗದ ಸಂಖ್ಯೆ, ಮೊತ್ತ ದೊಡ್ಡದಾದಷ್ಟೂ ಸಣ್ಣದನ್ನು ಕೂಡಿಸುವ ನಿಖರತೆ ಸಾಯುತ್ತದೆ. ಕೊನೆಗೆ ಆ ಗಡಿಯಾರ 2,62,144 ಸೆಕೆಂಡು ತೋರಿಸಿ ಅಲ್ಲೇ ನಿಂತುಬಿಡುತ್ತದೆ, ಎಷ್ಟು ಕೂಡಿಸಿದರೂ ಕದಲುವುದಿಲ್ಲ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಗುರಿ ತಪ್ಪಿ 28 ಸೈನಿಕರು ಸತ್ತದ್ದರ ಹಿಂದೆಯೂ ಇಂಥದೇ ಚೂರು ಇತ್ತು. 0.1 ಸೆಕೆಂಡನ್ನು 24 ಬಿಟ್‌ಗೆ ಕತ್ತರಿಸಿದ್ದ ಲೆಕ್ಕ ನೂರು ಗಂಟೆಯಲ್ಲಿ 0.34 ಸೆಕೆಂಡು ಹಿಂದೆ ಬಿದ್ದಿತ್ತು. ಎಣಿಕೆಯನ್ನು ಪೂರ್ಣಾಂಕದಲ್ಲಿ ಇಡಿ, ತೋರಿಸುವಾಗ ಭಾಗಿಸಿ.

ಮಾಡೆಲ್‌ನ ಪ್ಯಾರಾಮೀಟರ್ ಒಂದರ ಬೆಲೆ ಬದಲಿಸಿದರೂ ಬೋರ್ಡಿನ ನಡತೆ ಬದಲಾಗದಿದ್ದರೆ ಅದು 'ಇನ್‌ಲೈನ್' ಆಗಿ ಕೋಡಿನೊಳಗೆ ಬರೀ ಅಂಕಿಯಾಗಿ ಕುಳಿತಿದೆ.

ಸರಿಪಡಿಸಿದ ದೋಷ ಮತ್ತೆ ಮತ್ತೆ ಹುಟ್ಟುತ್ತಿದ್ದರೆ ಯಾರೋ ಯಂತ್ರ ಬರೆದ ಕಡತದಲ್ಲೇ ಕೈಹಾಕಿ ತಿದ್ದುತ್ತಿದ್ದಾರೆ, ಮುಂದಿನ ಸಲ ಕೋಡ್ ತೆಗೆದಾಗ ಅದು ಅಳಿಸಿಹೋಗುತ್ತಿದೆ. ಬೋರ್ಡಿನಲ್ಲಿರುವುದು ಯಾವ ಕೋಡು ಎಂಬುದೂ ಖಾತ್ರಿಯಿರಬೇಕು. ಹುಟ್ಟಿದ ಪ್ರತಿ ಕಡತದ ತಲೆಯಲ್ಲಿ ಮಾಡೆಲ್‌ನ ಆವೃತ್ತಿ, ಕೋಡ್ ತೆಗೆದ ದಿನ, ಹೊತ್ತು ಬರೆದಿರುತ್ತದೆ. ಅದನ್ನು ಬೋರ್ಡಿನ ಪರದೆಯ ಮೇಲೂ ಬರುವಂತೆ ಮಾಡಿ. ನಮ್ಮ ಪೆನ್‌ಡ್ರೈವಿನಲ್ಲಿ 'ಅಂತಿಮ', 'ಅಂತಿಮ 2', 'ನಿಜವಾಗಿಯೂ ಅಂತಿಮ' ಎಂಬ ಮೂರು ಫೋಲ್ಡರ್‌ಗಳಿದ್ದವು ಎಂದು ಒಪ್ಪಿಕೊಳ್ಳುತ್ತೇನೆ.

ದುರಸ್ತಿ

16 ಅನ್ನು 32 ಮಾಡಿದರೆ ಒಂದು ನಿಮಿಷದ ಕೆಲಸ. ಹಾಗೆ ಮಾಡಿ ಬಿಟ್ಟಿದ್ದರೆ ಹೊಲಿಗೆ ಅಲ್ಲೇ ಉಳಿಯುತ್ತಿತ್ತು, ಸ್ಟೆಪ್ ಬದಲಾದಾಗಲೆಲ್ಲ ಕೈಬರಹದ 'ಸೆಕೆಂಡಿನ ಎಣಿಕೆ'ಯನ್ನೂ ಯಾರೋ ನೆನಪಿಟ್ಟು ಬದಲಿಸಬೇಕಾಗಿತ್ತು. ನಾವು ಎಣಿಕೆಯನ್ನೇ ಗಡಿ ದಾಟಿಸುವುದನ್ನು ನಿಲ್ಲಿಸಿದೆವು. ಈಗ ಕೈಬರಹ ತಿರುಗುಣಿಯ ನಿಮಿಷವನ್ನು ಹಾಗೇ ಕೊಡುತ್ತದೆ. ಸ್ಟೇಟ್‌ಫ್ಲೋದಲ್ಲಿ 'ಇಷ್ಟು ಸೆಕೆಂಡು ಕಳೆದ ಮೇಲೆ' ಎಂದೇ ಬಾಣದ ಮೇಲೆ ಬರೆಯಬಹುದು. ಸ್ಟೆಪ್ ಏನೇ ಇರಲಿ, ಎಷ್ಟು ಸಲ ಎಣಿಸಬೇಕೆಂಬುದನ್ನು ಕೋಡ್ ತೆಗೆಯುವ ಯಂತ್ರ ನೋಡಿಕೊಳ್ಳುತ್ತದೆ. ತಿರುಗುಣಿಯ ಆರೂ ಗುರುತುಗಳು ಈಗ ಪರೀಕ್ಷೆಯ ಪಟ್ಟಿಯಲ್ಲಿವೆ. ಸಿಮ್ಯುಲೇಶನ್‌ನಲ್ಲಿ 60 ನಿಮಿಷ ಕಳೆಯಲು 60 ನಿಮಿಷ ಬೇಕಾಗುವುದಿಲ್ಲ, ಆದ್ದರಿಂದ ತಾಳ್ಮೆಯ ನೆಪವೂ ಇಲ್ಲ. ಕೈಬರಹದ ಕಡತಗಳಿಗೂ ಮಿಸ್ರಾ ತಪಾಸಣೆ, ಕನ್ವರ್ಷನ್ ಎಚ್ಚರಿಕೆ ಎರಡೂ ಕಡ್ಡಾಯವಾದವು. ಮೊದಲ ದಿನವೇ ಇನ್ನೂ ಎರಡು ಕಡೆ ಕೂಗಿತು.

ಹೊಸ ಕೋಡ್ ಹಾಕಿದ ಬೋರ್ಡನ್ನು ವೈಂಡಿಂಗ್ ಅಂಗಡಿಯಲ್ಲೇ, ಅವರ ಮೇಜಿನ ಮೇಲೆ, 30ರ ಗುರುತಿನಲ್ಲಿ ಇಟ್ಟು ಕುಳಿತೆವು. ಎಂಟು ನಿಮಿಷ ಒಂಬತ್ತು ಸೆಕೆಂಡಿಗೆ ಅವರು ಕಾಂಟ್ಯಾಕ್ಟರಿನತ್ತ ನೋಡಿದರು, ಏನೂ ಆಗಲಿಲ್ಲ. ಎರಡು ಸಲ ಟೀ ಬಂತು. ಮೂವತ್ತನೆಯ ನಿಮಿಷಕ್ಕೆ ಟಕ್ಕೆಂದು ಹಿಡಿಯಿತು.

ಹಳೆಯ ಕೋಡಿನ ಪೆಟ್ಟಿಗೆಗಳು ಇನ್ನೂ ಹೊಲಗಳಲ್ಲಿವೆ. ಗುರುತಿಸಲು ತಿರುಗುಣಿಯನ್ನು 15ಕ್ಕೆ ಇಡಿ. ನೀರಿಲ್ಲದೆ ನಿಂತ ಮೋಟಾರು 4 ನಿಮಿಷ 5 ಸೆಕೆಂಡಿಗೆ ಮತ್ತೆ ಎತ್ತಿದರೆ ಅದು ಹಳೆಯದು. ನಾವು ಬಂದು ಬದಲಿಸುವವರೆಗೆ ತಿರುಗುಣಿ 10ರಲ್ಲಿರಲಿ. ಆ ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕಾಯುವ ಗುರುತು ಬೇರೊಂದಿಲ್ಲ.